ಹಲಗೆ ಹೊರಲಾರದ ಪಿಕಪ್

ಡ್ವೇನ್ ಹೊಸ ಪಿಕಪ್ಪನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಅವನ ಹೆಂಡತಿ ವರ್ನಾ ಅದರ ಸುತ್ತ ಒಂದು ಸಲ ನಡೆದಳು, ಮುಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಳಗೆ ಇಣುಕಿದಳು, ಎದ್ದು ಕೈ ಕೊಡವಿಕೊಂಡಳು. ಏನಾದರೂ ಒಳ್ಳೆಯ ಮಾತು ಬಂದೀತೆಂದು ಡ್ವೇನ್ ಹಲ್ಲು ಬಿಟ್ಟುಕೊಂಡು ಕಾದಿದ್ದ.

“ಹಳೇದು ಎಲ್ಲಿ?” ಅಂದಳು.

“ಹೆದ್ದಾರಿ ಆಚೆಯ ಆಲ್ಡನ್‌ಗೆ ಕೊಟ್ಟುಬಿಟ್ಟೆ.”

“ಒಂದು ಮಾತು ಕೇಳಬಾರದಿತ್ತಾ ನನ್ನ?”

“ಕೇಳಿದ್ರೆ ಬೇಡ ಅಂತಿದ್ದೆ.”

ಅದಂತೂ ನಿಜ. ಹಳೆಯ ಪಿಕಪ್ ನೋಡೋಕೆ ಚೆಂದ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಕಂದು ಬಣ್ಣ, ಅರ್ಧ ತುಕ್ಕು. ಎಡಗಡೆ, ಓಡಿಸುವವರ ಬಾಗಿಲಿನಿಂದ ಮಾತ್ರ ಇಳಿಯಬಹುದಿತ್ತು, ಬಲಗಡೆಯ ಬಾಗಿಲನ್ನು ಹಗ್ಗದಲ್ಲಿ ಕಟ್ಟಿದ್ದರು. ಒಳಗೆ ಒದ್ದೆ ನಾಯಿಯ ವಾಸನೆ, ಉಪ್ಪುಮೀನಿನ ವಾಸನೆ. ಆದರೆ ಪ್ರತಿ ಚಳಿಗಾಲ ವರ್ನಾಳ ಅಪ್ಪನ ಹಳದಿ ಹಲಗೆಯನ್ನು, ಎಂಟು ಅಡಿ ಅಗಲದ ಕಬ್ಬಿಣದ ಹಲಗೆಯನ್ನು, ಮೂಗಿಗೆ ಕಟ್ಟಿಕೊಂಡು ಎದೆಯೆತ್ತರದ ಹಿಮವನ್ನು ನೂಕುತ್ತಾ ಹೋಗುತ್ತಿತ್ತು. ಅದು ಗೊಣಗುತ್ತಿತ್ತು, ಆದರೆ ಕೈಕೊಡುತ್ತಿರಲಿಲ್ಲ.

ಈಗ ಬಂದು ನಿಂತಿದ್ದು ಮುತ್ತಿನ ಬಣ್ಣದ್ದು. ಮೇಲೆ ಗಾಜಿನ ಚಾವಣಿ. ಮುಖ ನೋಡಿಕೊಳ್ಳಬಹುದಾದಂಥ ಚಕ್ರಗಳು. ಹಿಂದಿನ ತೊಟ್ಟಿ ಎಷ್ಟು ಗಿಡ್ಡ ಅಂದರೆ ಎರಡು ಮೂಟೆ ಆಲೂಗಡ್ಡೆ ಹಾಕಿದರೆ ಜಾಗಕ್ಕೆ ಜಗಳ ಆಗಬೇಕು. ಗುಂಡಿ ಒತ್ತಿದರೆ ಸೀಟು ಬಿಸಿಯಾಗುತ್ತಿತ್ತು. ಹೊಸ ಚರ್ಮದ ವಾಸನೆ ಮೂಗಿಗೆ ಬಡಿದು ವರ್ನಾ ಬಾಗಿಲು ಮುಚ್ಚಿದಳು. ಅವಳು ಶಾಲೆಯ ಬಸ್ಸು ಓಡಿಸುವವಳು, ಗಾಡಿ ಅಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇದಕ್ಕೆ ಅಪ್ಪನ ಹಲಗೆ ಕಟ್ತೀಯಾ?”

“ಇಂಜಿನ್ ನೋಡೇ ಮೊದಲು. ಹಳೇದರ ಎರಡರಷ್ಟು ಶಕ್ತಿ ಇದೆ ಇದಕ್ಕೆ.”

“ತಳ್ಳೋಕೆ ಇಂಜಿನ್ ಇದೆ, ಸರಿ. ಹೊರೋರು ಯಾರು? ಮುಂದಿನ ಸ್ಪ್ರಿಂಗ್ ನೋಡ್ದೆ. ಪೇಟೇಲಿ ಮೊಸರು ಡಬ್ಬ ತರೋಕೆ ಮಾಡಿರೋ ಗಾಡಿ ಇದು.”

“ನನಗೆ ಹಿಮದ ಪಾಠ ಹೇಳ್ತೀಯಾ?” ಅಂದ ಡ್ವೇನ್.

ಇದೇ ಅವನ ರೋಗ. ರಸ್ತೆ ಇಲಾಖೆಯ ಕಿತ್ತಳೆ ಬಣ್ಣದ ದೈತ್ಯ ಲಾರಿಯಲ್ಲಿ ಕೂತು ಮೂವತ್ತು ವರ್ಷ ಹೆದ್ದಾರಿಯ ಹಿಮ ತಳ್ಳಿದವನು ಅವನು. ಮೇಲೆ ಕೂತು ಹಿಡಿಕೆ ಎಳೆದರೆ ಮುಂದಿದ್ದ ಬೆಟ್ಟ ಪಕ್ಕಕ್ಕೆ ಹೋಗುತ್ತಿತ್ತು. ಕೆಳಗೆ ಯಾವ ಅಚ್ಚು ಎಷ್ಟು ಭಾರ ತಡೆಯುತ್ತದೆ ಅನ್ನುವುದು ಶೆಡ್ಡಿನ ಮೆಕ್ಯಾನಿಕ್ಕುಗಳ ತಲೆನೋವಾಗಿತ್ತು, ಅವನದಲ್ಲ. ಹಾಗಾಗಿ ಹಿಮ ಹೋಗುತ್ತಿದ್ದದ್ದು ತನ್ನ ಕೈಯ ಗುಣದಿಂದ ಅಂತಲೇ ನಂಬಿಕೊಂಡು ನಿವೃತ್ತನಾದ. ಆ ಊರಿನಲ್ಲಿ ಹಾಗೆ ನಂಬಿಕೊಂಡ ನಿವೃತ್ತರು ಇನ್ನೂ ಮೂವರು ನಾಲ್ವರಿದ್ದರು, ಎಲ್ಲರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಕಾಫಿ ಕುಡಿಯುತ್ತಿದ್ದರು.

ವರ್ನಾಳಿಗೆ ಗಾಡಿಯ ಚಿಂತೆಯಿರಲಿಲ್ಲ, ಅವ್ವನ ಚಿಂತೆಯಿತ್ತು. ಹೆದ್ದಾರಿಯಿಂದ ಸುಪೀರಿಯರ್ ಸರೋವರದ ಕಡೆಗೆ ಒಂದು ಉದ್ದನೆಯ ಓಣಿ. ಓಣಿಯ ಬಾಯಿಯ ಎದುರಿಗೆ, ಹೆದ್ದಾರಿಯ ಆಚೆ ಆಲ್ಡನ್‌ನ ಮನೆ. ಓಣಿಯ ನಡುವೆ ವರ್ನಾಳ ಮನೆ. ತುದಿಯಲ್ಲಿ, ನೀರಿನ ಅಂಚಿಗೆ, ಅವಳ ಅವ್ವ ಲೆಂಪಿಯ ಮನೆ. ಇಲಾಖೆಯ ಲಾರಿ ಈ ಓಣಿಯೊಳಗೆ ಬರುವುದಿಲ್ಲ. ಲೆಂಪಿಯ ಮೂತ್ರಪಿಂಡಗಳು ಹಿಂದಿನ ವರ್ಷ ಕೆಲಸ ನಿಲ್ಲಿಸಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ನೀರು, ಕಾಫಿ ಎಲ್ಲ ಅಳೆದು ಕುಡಿಯಬೇಕು.

ಮುದುಕಿ ಅದಕ್ಕೆ ಒಪ್ಪಿದ್ದೇ ದೊಡ್ಡ ಮಾತು. ಒಪ್ಪುವಾಗ ಒಂದು ಷರತ್ತು ಹಾಕಿದ್ದಳು. “ದಾರಿ ತೆರೆದಿರೋ ತನಕ ಬರ್ತೀನಿ. ದಾರಿ ಮುಚ್ಚಿಹೋಯ್ತು ಅಂದ್ರೆ ಅವತ್ತಿಗೆ ಮುಗೀತು, ಆಮೇಲೆ ನನ್ನ ಎಳೆದಾಡಬೇಡಿ. ಹೆಲಿಕಾಪ್ಟರು ಗಿಲಿಕಾಪ್ಟರು ಅಂದ್ರೆ ಬಾಗಿಲೇ ತೆಗೆಯಲ್ಲ.” ಹೇಳಿದ ಮಾತನ್ನು ಲೆಂಪಿ ಎಂದೂ ಹಿಂದಕ್ಕೆ ತೆಗೆದುಕೊಂಡವಳಲ್ಲ. ಬಿಟ್ಟುಬಿಡೋಕೆ ಅವಳು ಒಂದು ನೆಪ ಹುಡುಕುತ್ತಿದ್ದಾಳೆ ಅನ್ನುವುದು ವರ್ನಾಳಿಗೆ ಗೊತ್ತಿತ್ತು. ಆ ನೆಪವನ್ನು ಗಂಡ ಈಗ ಮುತ್ತಿನ ಬಣ್ಣದಲ್ಲಿ ಮನೆಗೆ ತಂದಿದ್ದ.

ಎರಡು ವಾರ ಕಳೆದ ಮೇಲೆ ಡ್ವೇನ್ ಪಿಕಪ್ಪಿಗೆ ಹಲಗೆ ಕಟ್ಟಿಸಿಕೊಂಡು ಬಂದ. “ಪೇಟೆಯ ರಿಪೇರಿ ಶೆಡ್ಡಿನವನೇ ಕಟ್ಟಿಕೊಟ್ಟ. ಒಂದು ಮಾತೂ ಆಡಲಿಲ್ಲ,” ಅಂದ. ಮುಂದಿನ ಬಂಪರನ್ನು ಗರಗಸದಲ್ಲಿ ಕೊಯ್ದ ಗುರುತು ನಾಯಿ ಕಚ್ಚಿದ ಹಾಗೆ ಕಾಣುತ್ತಿತ್ತು. ವರ್ನಾ ಅದರ ಮೇಲೆ ಬೆರಳಾಡಿಸಿ ಒಳಗೆ ಹೋದಳು.

ಮೊದಲ ಹಿಮ ಗೇಣುದ್ದ ಬಿತ್ತು. ಡ್ವೇನ್ ಗತ್ತಿನಿಂದ ಹತ್ತಿ ಕೂತು ಹಲಗೆ ಎತ್ತಿದ. ಹಲಗೆ ಮೇಲೆ ಬಂತು, ಗಾಡಿಯ ಮೂಗು ಕೆಳಗೆ ಹೋಯಿತು. ಎರಡು ದೀಪಗಳೂ ದಾರಿ ಬಿಟ್ಟು ನೆಲ ನೋಡತೊಡಗಿದವು. ಮುಂದಕ್ಕೆ ಬಿಟ್ಟ. ಹತ್ತು ಅಡಿ ಹೋಗುವಷ್ಟರಲ್ಲಿ ಗಾಡಿ ಕೀ ಕೀ ಎಂದು ಕೂಗಿಕೊಂಡು ತಾನಾಗೇ ಬ್ರೇಕು ಹಾಕಿತು, ಡ್ವೇನನ ಟೋಪಿ ಹೋಗಿ ಗಾಜಿಗೆ ಬಡಿಯಿತು. ಎದುರಿಗೆ ಏನೋ ಅಡ್ಡ ಬಂದಿದೆ ಅಂತ ಪರದೆಯ ಮೇಲೆ ಕೆಂಪು ಅಕ್ಷರ. ಎದುರಿಗೆ ಇದ್ದದ್ದು ಅವನದೇ ಹಲಗೆ. ತನ್ನ ಮೂಗಿಗೇ ತಾನು ಹೆದರುವ ಗಾಡಿ ಅದು.

ವರ್ನಾ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದಳು. “ಏನಂತೆ ಅದಕ್ಕೆ?”

“ಏನಿಲ್ಲ, ಹೊಸದಲ್ವಾ. ಅಭ್ಯಾಸ ಆಗಬೇಕು.”

“ಯಾರಿಗೆ? ಅದಕ್ಕೋ ನಮಗೋ?”

ಡ್ವೇನ್ ಗುಂಡಿ ಒತ್ತಿ ಆ ಕೂಗನ್ನು ನಿಲ್ಲಿಸಿದ. ಗಾಡಿ ಆರಿಸಿ ಮತ್ತೆ ಹಚ್ಚಿದರೆ ಅದೂ ಮತ್ತೆ ಶುರು. ಅಡ್ಡ ಬಂದದ್ದನ್ನು ನೋಡುವ ಗಾಡಿಯ ಕಣ್ಣುಗಳಿಗೆ, ಅದರ ಸೆನ್ಸರುಗಳಿಗೆಲ್ಲ, ಕಪ್ಪು ಟೇಪು ಅಂಟಿಸಿದ. ಆಗ ಅದು ಕಣ್ಣು ಕಾಣಿಸುತ್ತಿಲ್ಲ ಅಂತ ಬೇರೆ ರಾಗದಲ್ಲಿ ಅತ್ತಿತು. ಮೂಗು ಮೇಲೇಳಲಿ ಅಂತ ಹಿಂದಿನ ತೊಟ್ಟಿಗೆ ಮರಳಿನ ಚೀಲ ಹೇರಿದ, ಹಿಂಭಾಗವೂ ಕುಸಿದು ಗಾಡಿಯ ಹೊಟ್ಟೆ ನೆಲಕ್ಕೆ ಉಜ್ಜಿತು. ಇಷ್ಟಾದರೂ ಅವನ ಮುಖದಲ್ಲಿ ನಾಚಿಕೆ ಇಲ್ಲ. ದಿನಕ್ಕೆ ನಾಲ್ಕು ಸಲ ಹೋಗಿ ಹಿಮವನ್ನು ಚೂರು ಚೂರೇ ಕೆರೆದು ಬಂದು, ನೋಡು ಹೆಂಗೆ ತೆಗೀತು ಅನ್ನುತ್ತಿದ್ದ. ಆ ಡಿಸೆಂಬರಿನಲ್ಲಿ ಹಿಮವೂ ಅವನ ಪಕ್ಷ ವಹಿಸಿತ್ತು, ಅಷ್ಟಷ್ಟೇ ಬೀಳುತ್ತಿತ್ತು.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಭಾನುವಾರ, ಚರ್ಚಿನ ಕೆಳಗಿನ ಹಾಲ್‌ನಲ್ಲಿ ಎಲ್ಲರೂ ಕಾಫಿ ಕುಡಿಯುವಾಗ ಪೇಟೆಯ ಶೆಡ್ಡಿನವನ ಹೆಂಡತಿ ವರ್ನಾಳ ಪಕ್ಕ ಬಂದು ಕೂತಳು.

“ನಿಮ್ಮನೆಯವರಿಗೆ ಸಿಟ್ಟು ಇಳೀತಾ?”

“ಯಾವ ಸಿಟ್ಟು?”

“ಅಯ್ಯೋ, ಹೇಳಿಲ್ವಾ? ಹಲಗೆ ಕಟ್ಟಿಸೋಕೆ ಬಂದಿದ್ರಲ್ಲ. ಮುಂದಿನ ಅಚ್ಚು ಎಷ್ಟು ತೂಕ ತಡೆಯುತ್ತೆ ಅಂತ ಬಾಗಿಲ ಪಕ್ಕ ಚೀಟಿ ಅಂಟಿಸಿರ್ತಾರಲ್ಲ, ನಮ್ಮವರು ಅದನ್ನ ಓದಿ ಬಾಗಿಲು ಮುಚ್ಚಿಬಿಟ್ರು. ಇದಕ್ಕೆ ಹಲಗೆ ಆಗಲ್ಲ, ಬೇಕಾದ್ರೆ ಪೊರಕೆ ಕಟ್ಟಿಕೊಡ್ತೀನಿ ಅಂದ್ರಂತೆ. ಬೈದುಕೊಂಡು ಹೋದ್ರಂತೆ ನಿಮ್ಮವರು.”

ವರ್ನಾ ಕೈಯಲ್ಲಿದ್ದ ಏಲಕ್ಕಿ ಬ್ರೆಡ್ಡನ್ನು ತಟ್ಟೆಯಲ್ಲಿ ಇಟ್ಟಳು. ಎದ್ದು ಕೋಟು ಹಾಕಿಕೊಂಡಳು.

ಮನೆಗೆ ಬಂದಾಗ ಡ್ವೇನ್ ಒಲೆಯ ಮುಂದೆ ನಿಂತು ಮೀನು ಹುರಿಯುತ್ತಿದ್ದ.

“ಹಲಗೆ ಕಟ್ಟಿದ್ದು ಯಾರು?” ಅಂತ ಕೇಳಿದಳು.

ಅವನು ಬೆನ್ನು ತಿರುಗಿಸಿಕೊಂಡೇ ಇದ್ದ. “ನಾನೇ. ನಮ್ಮ ಚಿಕ್ಕಪ್ಪನ ಮಗನ ಕೊಟ್ಟಿಗೇಲಿ.”

“ಶೆಡ್ಡಿನವನು ಆಗಲ್ಲ ಅಂದಮೇಲೂ.”

“ಅವನಿಗೇನ್ ಗೊತ್ತು. ಚೀಟಿ ಓದೋನು.”

“ಚೀಟಿ ಓದೋಕಾದ್ರೂ ಬಂತಲ್ಲ ಅವನಿಗೆ.”

ಡ್ವೇನ್ ಒಲೆ ಆರಿಸಿದ. ತಗ್ಗಿದ ದನಿಯಲ್ಲಿ ಅಂದ: “ಮೂವತ್ತು ವರ್ಷ ಊರ ಹಿಮ ತಳ್ಳಿದೆ ವರ್ನಾ. ಸೊಂಟ ಹೋಯ್ತು, ಕಾಲ್ಬೆರಳು ಎರಡು ಚಳಿಗೆ ಸೆಡೆತು ಹೋಯ್ತು. ಒಂದು ಸಲನಾದ್ರೂ ಬೆಚ್ಚಗೆ ಕೂತ್ಕೊಂಡು ತಳ್ಳೋಣ ಅನ್ನಿಸ್ತು. ತಪ್ಪಾ ಅದು?”

ಒಂದು ಕ್ಷಣ ವರ್ನಾಳಿಗೆ ಅಯ್ಯೋ ಅನ್ನಿಸಿತು. ಮರುಕ್ಷಣವೇ ಕಿಟಕಿಯ ಆಚೆ, ಓಣಿಯ ತುದಿಯಲ್ಲಿ ಅವ್ವನ ಮನೆಯ ಹೊಗೆ ಕಂಡಿತು.

“ಬೆಚ್ಚಗೆ ಕೂತ್ಕೊಳ್ಳೋದು ತಪ್ಪಲ್ಲ. ಸುಳ್ಳು ಹೇಳಿದ್ದು ತಪ್ಪು. ಅವ್ವನ ಜೀವ ತಗೊಂಡು ಹೋಗಿ ಆ ಗಾಡಿ ಮೂಗಿಗೆ ನೇತುಹಾಕಿದ್ಯಲ್ಲ, ಅದು ಹೊಲಸು. ನಿನ್ನ ನೋಡಿದ್ರೆ ಹೇಸಿಗೆ ಆಗ್ತಿದೆ ನನಗೆ. ಹೋಗು, ಆಲ್ಡನ್ ಹತ್ರ ಹಳೇದನ್ನ ವಾಪಸ್ ಕೇಳು.”

“ಸತ್ರೂ ಕೇಳಲ್ಲ.”

“ದೊಡ್ಡ ಹಿಮ ಬಿದ್ದ ದಿನ ಅವನನ್ನ ಕರೆಯೋಣ, ಅದಾದ್ರೂ ಆಗುತ್ತಾ?”

“ನನ್ನ ಗಾಡಿ ಮೇಲೆ ಹಲಗೆ ಇಟ್ಕೊಂಡು ಅವನನ್ನ ಕರೀತೀಯಾ? ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?”

ಆ ಕಡೆಯವರಿಗೆ ಇದು ಸಣ್ಣ ಮಾತಲ್ಲ. ಹಲಗೆ ಇಲ್ಲದವನ ದಾರಿಯನ್ನು ಯಾರು ಬೇಕಾದರೂ ತೆಗೆದುಕೊಡುತ್ತಾರೆ, ಕೇಳುವುದೂ ಇಲ್ಲ, ದುಡ್ಡೂ ಮುಟ್ಟುವುದಿಲ್ಲ, ಬೇಕಾದರೆ ಒಂದು ಬ್ರೆಡ್ಡು ಕೊಟ್ಟರೆ ಸೀಟಿನ ಮೇಲೆ ಇಟ್ಟುಕೊಂಡು ಹೋಗುತ್ತಾರೆ. ಆದರೆ ಗಾಡಿಗೆ ಹಲಗೆ ಕಟ್ಟಿದವನ ದಾರಿಗೆ ಇನ್ನೊಬ್ಬ ತನ್ನ ಹಲಗೆ ಇಳಿಸಿದರೆ ಅದು ಕೆನ್ನೆಗೆ ಹೊಡೆದ ಹಾಗೆ. ಮನೆಯವರು ಬಾಯಿಬಿಟ್ಟು ಕರೆದರೆ ಮಾತ್ರ ಬರಬಹುದು, ಕರೆದರೆ ಮನೆಯ ಗಂಡಸಿನ ಮಾನ ಹೋಯಿತು ಅಂತಲೇ ಲೆಕ್ಕ. ಈ ಗಂಡಸರ ಮಾನ ಇಷ್ಟು ಬೇಗ ಯಾಕೆ ಹೋಗುತ್ತದೋ, ಹೋದರೆ ಯಾರಿಗೆ ಏನು ನಷ್ಟವೋ ವರ್ನಾಳಿಗೆ ಎಂದೂ ಅರ್ಥವಾಗಿರಲಿಲ್ಲ. ಆದರೂ ಅಲ್ಲೇ ಹುಟ್ಟಿ ಬೆಳೆದವಳು, ಅವಳೂ ಅವತ್ತು ಸುಮ್ಮನಾದಳು.

ಜನವರಿಯ ಒಂದು ಮಂಗಳವಾರ ಸಂಜೆ ಸರೋವರದ ಮೇಲಿನಿಂದ ಗಾಳಿ ಎದ್ದಿತು. ಬುಧವಾರ ಬೆಳಗಾಗುವ ಹೊತ್ತಿಗೆ ಬೇಲಿಯ ಕಂಬಗಳು ಮುಳುಗಿದ್ದವು. ಶಾಲೆಗೆ ರಜೆ. ಡ್ವೇನ್ ಕಾಫಿಯನ್ನೂ ಕುಡಿಯದೆ ಹೋಗಿ ಗಾಡಿ ಹತ್ತಿದ. ಅವನು ಹೆದ್ದಾರಿಯ ಕಡೆಗೆ ಹೋಗುವ ಸದ್ದನ್ನು ವರ್ನಾ ಅಡುಗೆಮನೆಯಲ್ಲಿ ನಿಂತು ಕೇಳಿದಳು. ಇಂಜಿನ್ನಿನ ಅಬ್ಬರ, ಆ ಹಾಳು ಕೀ ಕೀ, ಮತ್ತೆ ಅಬ್ಬರ. ಆಮೇಲೆ ಏನೋ ಒಡೆದ ಸದ್ದು. ಆಮೇಲೆ ಏನೂ ಇಲ್ಲ.

ಅವಳು ಬೂಟು ಏರಿಸುತ್ತಿರುವಾಗ ಫೋನು ಬಂತು. ಲೆಂಪಿ.

“ಹಿಮ ಬಿದ್ದಿದೆ ಅಲ್ವಾ?” ಅಂದಳು ಮುದುಕಿ.

“ಬಿದ್ದಿದೆ ಅವ್ವ. ಡ್ವೇನ್ ತೆಗೀತಿದ್ದಾನೆ.”

“ಬೇಡ ಬಿಡು. ನನಗೂ ಸದ್ದು ಕೇಳಿಸ್ತು, ನಿಂತಿದ್ದೂ ಕೇಳಿಸ್ತು. ಬೂಟು ಬಿಚ್ಚಿಟ್ಟೆ ನಾನು. ಕಾಫಿ ಕಾಯಿಸ್ಕೊಂಡೆ, ಇವತ್ತು ಪೂರ್ತಿ ಕೆಟಲ್ ನನ್ನದೇ. ಶುಕ್ರವಾರವೂ ನೀನು ಬರೋದು ಬೇಡ. ಹೇಳಿದ್ದೆ ತಾನೇ.”

“ಅವ್ವ, ಆ ಕಾಫಿ ಅಷ್ಟೂ ಕುಡೀಬೇಡ.”

“ನೀನೂ ಒಂದು ಲೋಟ ಕುಡಿದು ಮಲ್ಕೋ ಮಗಾ. ದಣಿದಿದ್ದೀಯ.”

ಅವ್ವನ ದನಿಯಲ್ಲಿ ಬೇಸರವಿರಲಿಲ್ಲ, ನೋವಿರಲಿಲ್ಲ. ಹಬ್ಬದ ಕೆಲಸ ಮುಗಿಸಿ ಕೂತವಳ ಸಮಾಧಾನವಿತ್ತು. ಅದನ್ನು ಕೇಳಿ ವರ್ನಾ ಬೂಟಿನ ದಾರ ಕಟ್ಟದೆಯೇ ಹೊರಗೆ ಓಡಿದಳು.

ಓಣಿಗೆ ಬಂದು ನೋಡಿದರೆ ಮುತ್ತಿನ ಬಣ್ಣದ ಪಿಕಪ್ ದಾರಿಗೆ ಅಡ್ಡಡ್ಡ ನಿಂತಿತ್ತು. ಮುಂದಿನ ಎಡಚಕ್ರ ಮುರಿದ ಕಾಲಿನಂತೆ ಹೊರಗೆ ತಿರುಗಿತ್ತು. ಹಲಗೆ ಗಾಳಿಗೆ ಅಡ್ಡವಾಗಿ ಇಂಜಿನ್ ಕುದಿದು ಬಾನೆಟ್ಟಿನ ಸಂದಿಯಿಂದ ಹಬೆ ಬರುತ್ತಿತ್ತು. ಅಷ್ಟಾದರೂ ಒಳಗಿನ ಕೀ ಕೀ ನಿಂತಿರಲಿಲ್ಲ. ಡ್ವೇನ್ ಸಲಿಕೆ ಹಿಡಿದು ಚಕ್ರದ ಹತ್ತಿರ ಕೆರೆಯುತ್ತಿದ್ದ.

“ಹತ್ತು ನಿಮಿಷ ಕೊಡು,” ಅಂದ, ಮುಖ ಎತ್ತದೆ.

ವರ್ನಾ ಗಾಡಿಯನ್ನು ಬಳಸಿಕೊಂಡು ಆಚೆ ದಾಟಿದಳು. ತೊಡೆಮಟ್ಟದ ಹಿಮದಲ್ಲಿ ಈಜುವ ಹಾಗೆ ನಡೆದುಕೊಂಡು ಹೆದ್ದಾರಿಯ ಕಡೆ ಹೋದಳು. ಓಣಿಯ ಬಾಯಿಯಲ್ಲಿ, ಸರಿಯಾಗಿ ಗಡಿಯ ಮೇಲೆ, ಅವರದೇ ಹಳೆಯ ಕಂದು ಪಿಕಪ್ ಇಂಜಿನ್ ಓಡಿಸಿಕೊಂಡು ನಿಂತಿತ್ತು. ಆಲ್ಡನ್ ಅದಕ್ಕೆ ತನ್ನ ಹಲಗೆ ತೊಡಿಸಿದ್ದ. ಹಲಗೆ ಎತ್ತಿಯೇ ಇತ್ತು. ಒಳಗೆ ಅವನು ಕೈ ಕಟ್ಟಿಕೊಂಡು ಕೂತಿದ್ದ.

“ಯಾವಾಗ ಬಂದೆ?” ಅಂದಳು ಏದುಸಿರು ಬಿಡುತ್ತಾ.

“ಬೆಳಕು ಹರಿದಾಗ.”

“ಒಳಗೆ ಬರಬಾರದಾಗಿತ್ತಾ?”

“ಡ್ವೇನ್ ಗಾಡೀಲಿ ಹಲಗೆ ಇದೆಯಲ್ಲ,” ಅಂದ ಆಲ್ಡನ್, ಅದರಲ್ಲಿ ಹೇಳಲು ಇನ್ನೇನೂ ಇಲ್ಲ ಅನ್ನುವಂತೆ.

ಅವ್ವ ಅತ್ತ ಸಾಯೋಕೆ ಕಾಫಿ ಕಾಯಿಸಿಕೊಂಡು ಕೂತಿದ್ದಾಳೆ, ಇವನು ಇತ್ತ ಮರ್ಯಾದೆ ಕಾಯುತ್ತಾ ಕೂತಿದ್ದಾನೆ. ವರ್ನಾಳಿಗೆ ಇಡೀ ಊರಿನ ಗಂಡಸರ ಮೇಲೆ ಉಗಿಯಬೇಕು ಅನ್ನಿಸಿತು.

“ಬಾಯಿಬಿಟ್ಟು ಕರೀತಿದ್ದೀನಿ ಆಲ್ಡನ್. ಬಾ. ಮೊದಲು ಅಡ್ಡ ಇರೋ ಆ ಶನಿನ ದಾರಿ ಪಕ್ಕದ ಹಳ್ಳಕ್ಕೆ ತಳ್ಳು, ಆಮೇಲೆ ಅವ್ವನ ಮನೆ ತನಕ ದಾರಿ ತೆಗಿ.”

ಆಲ್ಡನ್ ಗಡ್ಡ ಕೆರೆದುಕೊಂಡ. “ದಾರಿ ತೆಗೆಯೋಕೆ ಬರ್ತೀನಿ. ಇನ್ನೊಬ್ಬನ ಗಾಡಿನ ಹಳ್ಳಕ್ಕೆ ತಳ್ಳೋದು ಮಾತ್ರ ನನ್ನ ಕೈಲಾಗಲ್ಲ. ಅದು ಮನೆಯವರ ಕೆಲಸ.” ಹೀಗಂದವನು ಸೀಟಿನ ಮೇಲೆ ಆಚೆಗೆ, ಹಗ್ಗ ಕಟ್ಟಿದ ಬಾಗಿಲ ಕಡೆಗೆ ಸರಿದು ಕೂತ.

ವರ್ನಾ ಹತ್ತಿದಳು. ಒದ್ದೆ ನಾಯಿಯ ವಾಸನೆ, ಉಪ್ಪುಮೀನಿನ ವಾಸನೆ ಹಾಗೇ ಇತ್ತು. ಆ ಕೊಳಕು ವಾಸನೆಗೆ ಅವಳ ಕಣ್ಣು ತುಂಬಿ ಬಂತು. ಹಲಗೆ ಇಳಿಸಿ ಗೇರು ಹಾಕಿದಳು. ಮುದಿ ಗಾಡಿ ಗೊಣಗಿಕೊಂಡು ಹೊರಟಿತು.

ಡ್ವೇನ್ ಹೆಂಡತಿಯನ್ನು ನೋಡಿದ, ಅವಳ ಮುಂದಿದ್ದ ಹಲಗೆಯನ್ನು ನೋಡಿದ, ಪಕ್ಕದಲ್ಲಿ ಕೂತ ಆಲ್ಡನ್‌ನನ್ನು ನೋಡಿದ. ಅವಳು ಕಿಟಕಿ ಇಳಿಸಿದಳು.

“ಪಕ್ಕಕ್ಕೆ ಸರಿ.”

“ಸಂಜೆ ಎಳೆಯೋ ಗಾಡಿ ಬರುತ್ತೆ ವರ್ನಾ. ತಳ್ಳಿದ್ರೆ ಪೂರ್ತಿ ಹಾಳಾಗುತ್ತೆ.”

“ಅವ್ವ ಬೂಟು ಬಿಚ್ಚಿಟ್ಟಿದ್ದಾಳೆ.”

ಡ್ವೇನನಿಗೆ ಆ ಷರತ್ತು ಗೊತ್ತಿತ್ತು. ಅವನ ಮುಖದ ಬಣ್ಣ ಹೋಯಿತು. ಸಲಿಕೆಯನ್ನು ಹಿಮದಲ್ಲಿ ಚುಚ್ಚಿ, ತನ್ನ ಗಾಡಿಯೊಳಗೆ ಹೋಗಿ ಗೇರು ಬಿಡಿಸಲು ಕೂತ. ಈಗ ಪಕ್ಕದಲ್ಲಿ ಏನೋ ಅಡ್ಡ ಬಂದಿದೆ ಅಂತ ಗಾಡಿ ಚೀರಿತು, ಗೇರು ಬಿಡಲೊಲ್ಲದು. ಅವನು ಪರದೆಗೆ ಮುಷ್ಟಿಯಿಂದ ಗುದ್ದಿದ, ಅದಕ್ಕೆ ಬಾಯಿಗೆ ಬಂದ ಹಾಗೆ ಬೈದ, ಕೊನೆಗೆ ಹೇಗೋ ಬಿಡಿಸಿ ಇಳಿದು ಬಂದ. ಬಾಗಿಲನ್ನು ಮಾತ್ರ ಮೆಲ್ಲಗೆ ಮುಚ್ಚಿದ.

“ಹಿಂದಿನ ಚಕ್ರದ ಹತ್ರ ಹಲಗೆ ಕೊಡು. ಅಲ್ಲಿ ಗಟ್ಟಿ ಇದೆ,” ಅಂದ.

ಅವಳು ಅಲ್ಲೇ ಕೊಟ್ಟಳು. ಮುತ್ತಿನ ಬಣ್ಣ ಕರಕರ ಅಂದಿತು, ಹಿಂಭಾಗ ಜಾರಿತು, ಮೂಗು ತಿರುಗಿತು. ಅಪ್ಪನ ಹಳದಿ ಹಲಗೆಯ ಸಮೇತ ಗಾಡಿ ಮೂಗು ಮುಂದಾಗಿ ಹಳ್ಳದ ಹಿಮಕ್ಕೆ ಇಳಿದು ಕೂತಿತು. ಹಿಂದಿನ ಎರಡು ಹೊಳೆಯುವ ಚಕ್ರ ಮೇಲೆ ಉಳಿದವು. ಆಲ್ಡನ್ ಅವಳ ಕಡೆಯಿಂದ ಇಳಿದು ಹೋಗಿ ಡ್ವೇನನ ಪಕ್ಕ ನಿಂತ. ವರ್ನಾ ದಾರಿ ತೆಗೆಯುತ್ತಾ ಸರೋವರದ ಕಡೆಗೆ ಹೋದಳು.

ಲೆಂಪಿ ಮೇಜಿನ ಮುಂದೆ ಉಣ್ಣೆಯ ಕಾಲುಚೀಲದಲ್ಲಿ ಕೂತಿದ್ದಳು. ಬೂಟು ಒಲೆಯ ಪಕ್ಕ ಜೋಡಿಸಿತ್ತು.

“ಏಳವ್ವ. ದಾರಿ ತೆಗೆದಿದೆ.”

“ಯಾರು ತೆಗೆದಿದ್ದು? ಆ ಅಳೋ ಗಾಡಿನಾ?”

“ನಾನು. ಹಳೇ ಗಾಡೀಲಿ.”

“ಆಲ್ಡನ್‌ನ ಕರೆದ್ಯಾ?” ಮುದುಕಿ ಹುಬ್ಬೇರಿಸಿದಳು. “ಡ್ವೇನ್ ಇದ್ದೂ?”

“ಕರೆದೆ.”

“ಮತ್ತೆ ಅವನ ಗಾಡಿ?”

“ಹಳ್ಳದಲ್ಲಿದೆ.”

“ಬಿತ್ತಾ?”

“ನಾನೇ ತಳ್ಳಿದೆ.”

ಲೆಂಪಿ ಲೋಟವನ್ನು ಕೆಳಗಿಟ್ಟಳು. ಮಗಳ ಮುಖವನ್ನೇ ನೋಡಿದಳು. ಬೆವರು, ಸಿಟ್ಟು, ಕೆನ್ನೆಯ ಮೇಲೆ ಒಣಗಿದ ಕಣ್ಣೀರು.

“ಮೂಗು ಕೆಳಗೋ, ಬಾಲ ಕೆಳಗೋ?”

“ಮೂಗು ಕೆಳಗೆ.”

“ಬೂಟು ಕೊಡು,” ಅಂದಳು ಲೆಂಪಿ. “ಇದನ್ನ ನೋಡದೆ ಸತ್ರೆ ನಿಮ್ಮಪ್ಪ ಮೇಲೆ ನನ್ನ ಒಳಗೆ ಬಿಡಲ್ಲ.”

ಹಳ್ಳದ ಹತ್ತಿರ ಬಂದಾಗ ನಿಲ್ಲಿಸು ಅಂದಳು. ಆಲ್ಡನ್ ಪಕ್ಕದಲ್ಲಿ ನಿಂತಿದ್ದ, ಡ್ವೇನ್ ಗಾಡಿಯ ಸುತ್ತ ಹಿಮ ಅಗೆಯುತ್ತಿದ್ದ. ಮುದುಕಿ ಮಗಳ ಮೈಮೇಲೆ ಬಗ್ಗಿ, ಅವಳ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮೇಲೆದ್ದ ಚಕ್ರಗಳನ್ನೂ ಅಗೆದಲ್ಲಿ ಹೊರಗೆ ಕಾಣುತ್ತಿದ್ದ ಕೊಯ್ದ ಬಂಪರನ್ನೂ ಸಾವಕಾಶವಾಗಿ ನೋಡಿದಳು.

“ಡ್ವೇನ್, ಸೀಟು ಇನ್ನೂ ಬೆಚ್ಚಗಿದೆಯೇನಪ್ಪಾ?”

“ಇಲ್ಲ ಅತ್ತೆ,” ಅಂದ ಅವನು ನೆಲ ನೋಡುತ್ತಾ. “ಆರಿಹೋಯ್ತು.”

ಲೆಂಪಿ ತಲೆ ಒಳಗೆ ತೆಗೆದುಕೊಂಡು ಶಾಲು ಸರಿಮಾಡಿಕೊಂಡಳು. “ಅದನ್ನ ಇವತ್ತೇ ಎತ್ತಿಸಬೇಡಿ,” ಅಂದಳು ಮಗಳಿಗೆ, ಹೊರಗಿನವರಿಗೂ ಕೇಳುವ ಹಾಗೆ. “ಬೆಳಕು ಸಾಲದು, ಸರಿಯಾಗಿ ಕಾಣಿಸ್ತಿಲ್ಲ. ಶುಕ್ರವಾರ ಹೋಗ್ತಾ ಇನ್ನೊಂದು ಸಲ ನೋಡ್ತೀನಿ.”

ವರ್ನಾ ಗೇರಿನ ಮೇಲೆ ಕೈಯಿಟ್ಟವಳು ಹಾಗೇ ಕೂತಳು. ಶುಕ್ರವಾರ ಅನ್ನುವ ಮಾತು ಡ್ವೇನನಿಗೂ ಕೇಳಿಸಿತ್ತು. ಅವನು ಅಗೆಯುವುದನ್ನು ನಿಲ್ಲಿಸಿದ. ಆಮೇಲೆ, ಅಷ್ಟು ಹೊತ್ತು ಕಷ್ಟಪಟ್ಟು ಬಗೆದಿದ್ದ ಹಿಮದಲ್ಲಿ ಒಂದು ಸಲಿಕೆ ತುಂಬಿಕೊಂಡು, ಮತ್ತೆ ಗಾಡಿಯ ಮೇಲೆಯೇ ಹಾಕಿದ.